ಒಬ್ಬರಿಗೆ ಜೈನ್, ಎಲ್ಲರಿಗೂ ಬಾಳೆಕಾಯಿ

ನಾನು ಜಗಳಗಂಟಿ ಅಂತ ನಮ್ಮ ಆಫೀಸಿನಲ್ಲಿ ಹೆಸರಾಗಿದೆ. ಅಲ್ಲ ಸ್ವಾಮಿ, ಬೆಳಗಾದರೆ ಇಂಥದ್ದೇ ಒಂದಲ್ಲ ಒಂದು ನಡೆಯುತ್ತಿದ್ದರೆ ಯಾರಿಗೆ ತಾನೇ ಬಾಯಿ ಮುಚ್ಚಿಕೊಂಡು ಕೂರಲಿಕ್ಕಾಗುತ್ತೆ? ಮೈಸೂರಿನಿಂದ ಬಂದು ಖಾರಘರದಲ್ಲಿ ಮನೆ ಮಾಡಿ, ಠಾಣೆ ಪಕ್ಕದ ಐರೋಲಿಯ ಒಂದು ಸಣ್ಣ ಕಂಪನಿಯಲ್ಲಿ ಹೋಟೆಲುಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ ಸೇರಿದಾಗ, ಸದ್ಯ ತಣ್ಣಗಿರಬಹುದು ಅಂದುಕೊಂಡಿದ್ದೆ. ವೇಟರ್ ಕೈಯಲ್ಲಿರುವ ಟ್ಯಾಬಿನಲ್ಲಿ ಆರ್ಡರ್ ಒತ್ತುತ್ತಾನೆ. ಅಡುಗೆಮನೆಯ ಪ್ರಿಂಟರಿನಿಂದ ಚೀಟಿ ಹೊರಗೆ ಬರುತ್ತೆ. ಭಟ್ಟರು ಅದನ್ನು ನೋಡಿ ದೋಸೆ ಹುಯ್ಯುತ್ತಾರೆ. ಇಷ್ಟೇ. ಈ ಇಷ್ಟರಲ್ಲೇ ಒಂದು ಮದುವೆ ಮುರಿದುಬೀಳುವ ಮಟ್ಟಕ್ಕೆ ಹೋಗಬಹುದು ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಆಲೂಗಡ್ಡೆ ಕಾಣೆ

ಸಾನಪಾಡಾದಲ್ಲಿ ನಮ್ಮ ಸಾಫ್ಟ್‌ವೇರ್ ಕೊಂಡ ಹೋಟೆಲಿನವರೊಬ್ಬರಿದ್ದಾರೆ, ಉಡುಪಿ ಕಡೆಯವರು. ಹೋಟೆಲಿನಲ್ಲಿ ಎಲ್ಲರೂ ಧಣಿ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಆರಾಮಾಗಿ ಕೂತಿದ್ದಾಗ ಅವರ ಫೋನು ಬಂತು.

"ಮೇಡಂ, ನಿಮ್ಮ ಮಿಷನಿಗೆ ಎಂತ ಆಗಿದೆ ಮಾರಾಯ್ರೆ? ಬೆಳಿಗ್ಗೆಯಿಂದ ಎಲ್ಲ ಚೀಟಿಯಲ್ಲಿ ಜೈನ್, ಜೈನ್ ಅಂತ ಬರ್ತಾ ಉಂಟು."

ಈ ಕಡೆಯ ಹೋಟೆಲುಗಳಲ್ಲಿ ಜೈನ್ ಅಂದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ಇಲ್ಲದ ಅಡುಗೆ. ಮಸಾಲೆ ದೋಸೆಯೊಳಗೆ ಆಲೂಗಡ್ಡೆ ಪಲ್ಯದ ಬದಲು ಬಾಳೆಕಾಯಿ ಪಲ್ಯ. ಕೇಳಿದವರಿಗೆ ಮಾತ್ರ ಕೊಡುವುದು.

"ಇವತ್ತು ಜೈನರು ಜಾಸ್ತಿ ಬಂದಿರಬಹುದು, ಭಾನುವಾರ ಅಲ್ವಾ?" ಅಂದೆ.

"ಎಂತ ಜಾಸ್ತಿ? ಇಲ್ಲೇ ಹತ್ತಿರದ ಡಾಕ್ಟ್ರು ಒಬ್ರು ಬಂದು ಜೈನ್ ದೋಸೆ ತಿಂದು ಹೋದ್ರು. ಅವ್ರು ಹೋದ್ರು, ಜೈನ್ ಹೋಗ್ಲಿಲ್ಲ! ಅಲ್ಲಿಂದ ಇಡೀ ಹೋಟೆಲಿಗೆ ಬಾಳೆಕಾಯಿ. ಈಗ ಒಬ್ರು ಆನಿಯನ್ ಉತ್ತಪ್ಪ ಹೇಳಿದ್ರು. ಚೀಟಿಯಲ್ಲಿ ಆನಿಯನ್ ಉತ್ತಪ್ಪ ಅಂತ ಉಂಟು, ಅದರ ಕೆಳಗೆ ಜೈನ್ ಅಂತ ಉಂಟು. ಭಟ್ರು ಅದನ್ನ ಹಿಡ್ಕೊಂಡು ಗಲ್ಲಾದ ಹತ್ರ ಬಂದು ಕೇಳ್ತಾರೆ, ಧಣಿ, ನೀರುಳ್ಳಿ ಹಾಕುದಾ ತೆಗಿಯುದಾ ಅಂತ. ನಾನು ಎಂತ ಹೇಳುದು?"

ಮಷೀನನ್ನು ಒಂದು ಸಲ ಆರಿಸಿ ಹಾಕಿ ಅಂದೆ. ಹಾಕಿದರು, ಜೈನ್ ಹೋಯಿತು. ನಾನು ಫೋನಿಡಬೇಕು ಅನ್ನುವಾಗ ಅವರ ದನಿ ಸಣ್ಣಗಾಯಿತು.

"ಮೇಡಂ, ನಿಮಗೆ ಹೇಳ್ಬಹುದು. ಮಗಳಿಗೆ ಠಾಣೆಯ ಒಬ್ಬ ಹುಡುಗನ ಜೊತೆ ಮಾತು ನಡೀತಾ ಉಂಟು. ಅವರಿಬ್ರೇ ನೋಡ್ಕೊಂಡದ್ದು. ಜೈನರು. ಒಳ್ಳೆ ಹುಡುಗ, ನಾನು ಒಪ್ಪಿದ್ದೇನೆ, ಅವನ ಅಪ್ಪ ಅಮ್ಮನೂ ಒಪ್ಪಿದ್ದಾರೆ. ಅವನ ಅಜ್ಜಿ ಒಬ್ರು ಬಾಕಿ. ಹುಡುಗಿಯ ಮನೆಯವರ ಕೈಯ ಊಟ ಮಾಡಿ ಆಮೇಲೆ ಹೇಳ್ತೇನೆ ಅಂದಿದ್ದಾರೆ. ದೀಪಾವಳಿ ಕಳೆದ ಮೇಲೆ ನನ್ನ ಹೋಟೆಲಿನಲ್ಲೇ ಊಟ. ಅರ್ಧ ಅವರ ಕಡೆಯವ್ರು, ಅರ್ಧ ಊರಿಂದ ಬರುವ ನಮ್ಮವ್ರು. ಆ ದಿನ ನಿಮ್ಮ ಮಿಷನು ತಪ್ಪಿ ಅಜ್ಜಿಯ ತಟ್ಟೆಗೆ ಒಂದು ತುಂಡು ನೀರುಳ್ಳಿ ಬಿದ್ರೆ ನನ್ನ ಮಗಳ ಮದುವೆ ಅಲ್ಲಿಗೇ ಮುಗೀತು."

"ಯೋಚನೆ ಮಾಡಬೇಡಿ ಧಣಿ, ನಾನಿದ್ದೀನಲ್ಲ" ಅಂದೆ.

"ನೀವು ಇದ್ದೀರಿ ಮೇಡಂ. ಬೆಳಿಗ್ಗೆ ಬಟಾಟೆ ಎಲ್ಲಿತ್ತು?" ಅಂದರು.

ಮಿಸಳ್ ಅಂಗಡಿ

ಸೋಮವಾರ ಆಫೀಸಿಗೆ ಹೋಗಿ ಕೋಡ್ ತೆಗೆದು ನೋಡಿದೆ. ಮೈಯೆಲ್ಲ ಉರಿದುಹೋಯಿತು.

ಎನ್ವಿರಾನ್ಮೆಂಟ್ ವೇರಿಯಬಲ್ ಅಂತ ಒಂದಿರುತ್ತೆ. ಪ್ರೋಗ್ರಾಮಿನ ಹೊರಗೆ, ಮಷೀನಿನಲ್ಲಿ ಬರೆದಿಟ್ಟ ಸೂಚನೆ ಅದು. ಪ್ರಿಂಟರ್ ಯಾವುದು, ಹೋಟೆಲ್ ಯಾವುದು, ಇಂಥವು. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಮುಂದಿನ ರೈಲು ಯಾವುದು ಅಂತ ತೋರಿಸುವ ಇಂಡಿಕೇಟರ್ ಬೋರ್ಡ್ ಇದ್ದ ಹಾಗೆ ಅಂದುಕೊಳ್ಳಿ: ನಿಂತವರೆಲ್ಲ ಅದನ್ನೇ ನೋಡುವುದು. ನೋಡಲಿ, ಬೇಡ ಅಂದವರಾರು? ಪ್ರೋಗ್ರಾಮ್ ಶುರುವಾಗುವಾಗ ಒಂದು ಸಲ ಓದಿಕೊಂಡು ಸುಮ್ಮನಿರಬೇಕು. ಆದರೆ ನಮ್ಮ ಕೋಡಿನಲ್ಲಿ ಕಂಡಕಂಡ ಸಾಲೆಲ್ಲ ಅದನ್ನು ಓದುತ್ತಿತ್ತು, ಕಂಡಕಂಡ ಸಾಲೆಲ್ಲ ಅದರ ಮೇಲೆ ಬರೆಯುತ್ತಲೂ ಇತ್ತು! ಡಾಕ್ಟರ ದೋಸೆಗೆ ಜೈನ್ ಬೇಕು. ಹಾಗಿದ್ದರೆ ಡಾಕ್ಟರ ಆರ್ಡರಿಗೆ ಗುರುತು ಹಾಕಪ್ಪ. ಈ ಕೋಡ್ ಬರೆದ ಪುಣ್ಯಾತ್ಮ ಅದು ಬಿಟ್ಟು ಇಂಡಿಕೇಟರಿನ ಮೇಲೇ ಜೈನ್ ಅಂತ ಬರೆದು ಮನೆಗೆ ಹೋಗಿದ್ದಾನೆ. ಆಮೇಲೆ ಬಂದ ಪ್ರತಿಯೊಂದು ಆರ್ಡರೂ ತಲೆಯೆತ್ತಿ ನೋಡುವುದು, ಓಹೋ ಜೈನ್ ಅನ್ನುವುದು, ಬಾಳೆಕಾಯಿ ಕೇಳುವುದು. ಜೈನ್ ಕೇಳುವವರು ಬರುವುದು ಅಪರೂಪ, ಬಂದರೂ ರಾತ್ರಿ ಮಷೀನ್ ಆರಿಸಿದರೆ ಅಳಿಸಿಹೋಗುತ್ತಿತ್ತು, ಅದಕ್ಕೇ ಇಷ್ಟು ಕಾಲ ಯಾರಿಗೂ ಗೊತ್ತಾಗಿರಲಿಲ್ಲ.

ಇದನ್ನು ಬರೆದವನು ಯಾರು ಅಂತ ವಿಚಾರಿಸಿದೆ. ಕೆಲಸ ಬಿಟ್ಟು ಠಾಣೆ ಸ್ಟೇಷನ್ ಹತ್ತಿರ ಮೊಳಕೆಕಾಳಿನ ಖಾರದ ಮಿಸಳ್ ಮಾರುವ ಅಂಗಡಿ ಇಟ್ಟಿದ್ದಾನೆ ಅಂದರು. ಸಿಟ್ಟಿನಲ್ಲಿ ಸಂಜೆಯೇ ಹೋದೆ. ಏನು ಜನ ಅಂತೀರಿ! ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದಾನೆ: ಖಾರ ಎಷ್ಟು, ಈರುಳ್ಳಿ ಮೇಲೆ ಹಾಕಲಾ, ಬದಿಗೆ ಕೊಡಲಾ, ಫರಸಾಣ, ಅದೇ ಮೇಲೆ ಉದುರಿಸುವ ಖಾರಾಸೇವು, ಜಾಸ್ತಿ ಬೇಕಾ. ಒಬ್ಬರ ಖಾರ ಇನ್ನೊಬ್ಬರ ತಟ್ಟೆಗೆ ಹೋಗಲಿಲ್ಲ. ನೋಡಿದಷ್ಟೂ ನನಗೆ ಹೊಟ್ಟೆ ಉರಿಯಿತು.

ನನ್ನ ಸರದಿ ಬಂತು. "ಅಲ್ಲಪ್ಪಾ, ಇಲ್ಲಿ ಒಂದೊಂದು ಪ್ಲೇಟಿಗೂ ಕೇಳಿ ಕೇಳಿ ಹಾಕ್ತೀಯ. ಅಲ್ಲಿ ಯಾಕೋ ಇಡೀ ಹೋಟೆಲಿಗೆ ಒಂದೇ ಸಲ ಬಡಿದುಬಿಟ್ಟೆ?" ಅಂತ ಹಿಂದಿಯಲ್ಲಿ ತರಾಟೆಗೆ ತೆಗೆದುಕೊಂಡೆ.

ಅವನು ಸೌಟು ಕೆಳಗಿಡದೇ ಹೇಳಿದ: "ಮ್ಯಾಡಂ, ಇಲ್ಲಿ ತಪ್ಪಾದರೆ ಗಿರಾಕಿ ನನ್ನ ಎದುರಿಗೇ ನಿಂತಿರ್ತಾನೆ."

ಮುಚ್ಚಬಾರದ ಲ್ಯಾಪ್‌ಟಾಪ್

ಹಾಗಾದರೆ ಟೆಸ್ಟಿಂಗ್ ಮಾಡುವವರು ಏನು ಮಾಡುತ್ತಿದ್ದರು ಅಂತ ನೀವು ಕೇಳಬಹುದು. ನಾನೂ ಕೇಳಿದೆ.

ನಮ್ಮಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವುದು ಕಲ್ಯಾಣದ ಒಬ್ಬ ಹುಡುಗಿ. ಅಪ್ಪ ಅಮ್ಮ ಹುಬ್ಬಳ್ಳಿಯವರು, ಇವಳು ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಬೈದರೆ ಎಲ್ಲ ಅರ್ಥವಾಗುತ್ತೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಇದು ಟೆಸ್ಟಿನಲ್ಲಿ ಯಾಕಮ್ಮ ಸಿಗಲಿಲ್ಲ?"

"ಮ್ಯಾಮ್, ಮೇರೆ ಲ್ಯಾಪ್‌ಟಾಪ್ ಪೇ ತೋ ಸಬ್ ಪಾಸ್ ಹೈ."

ಹೌದು, ಅವಳ ಲ್ಯಾಪ್‌ಟಾಪಿನಲ್ಲಿ ಎಲ್ಲ ಪಾಸು. ನನ್ನದರಲ್ಲಿ ಓಡಿಸಿದರೆ ಕೆಂಪು, ಅಂದರೆ ಫೇಲು. ಒಂದೊಂದೇ ಟೆಸ್ಟ್ ಓಡಿಸಿದರೆ ಸರಿ, ಒಟ್ಟಿಗೆ ಓಡಿಸಿದರೆ ಕೆಂಪು. ಕೊನೆಗೆ ಗುಟ್ಟು ತಿಳಿಯಿತು. ಅವಳ ಪರದೆಯ ಮೂಲೆಯಲ್ಲಿ ಒಂದು ಕಪ್ಪು ವಿಂಡೋ ಯಾವಾಗಲೂ ತೆರೆದಿರುತ್ತಿತ್ತು. ಯಾವ ಕಾಲದಲ್ಲೋ ಅದರೊಳಗೆ ಆ ಜೈನ್ ವೇರಿಯಬಲ್ಲಿಗೆ ಮತ್ತು ಅದರ ಅಕ್ಕತಂಗಿಯರಿಗೆಲ್ಲ ಕೈಯಾರೆ ಬೆಲೆ ಕೊಟ್ಟು, ಬದಲಾಗದ ಹಾಗೆ ಕಟ್ಟಿಹಾಕಿದ್ದಳು. ಎಲ್ಲ ಟೆಸ್ಟೂ ಆ ವಿಂಡೋ ಒಳಗೇ ಓಡಬೇಕು. ಅದನ್ನು ಮುಚ್ಚಿದರೆ ಮುಗಿಯಿತು, ಏನೇನು ಬರೆದಿದ್ದಳೋ ಅವಳಿಗೇ ನೆನಪಿಲ್ಲ. ಅವಳ ಲ್ಯಾಪ್‌ಟಾಪಿಗೋ ಒಂದು ರೋಗ, ಮುಚ್ಚಳ ಹಾಕಿದರೆ ಮತ್ತೆ ಏಳುವುದಿಲ್ಲ, ಪೂರ್ತಿ ಆರಿಸಿಯೇ ಹಾಕಬೇಕು. ಅದಕ್ಕೇ ಈ ಮಹಾತಾಯಿ ದಿನಾ ಕಲ್ಯಾಣದಿಂದ ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ, ಆ ನೂಕುನುಗ್ಗಲಲ್ಲಿ, ಬಾಯಿ ತೆರೆದ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬರುತ್ತಿದ್ದಳು! ಅಕ್ಕಪಕ್ಕದ ಹೆಂಗಸರು "ಅಗ ಬಾಯಿ, ಮಿಟೂನ್ ಟಾಕ್ ನಾ ತೇ" ಅಂತ, ಮುಚ್ಚಮ್ಮಾ ಅದನ್ನ ಅಂತ, ಬೈಯುತ್ತಿದ್ದರಂತೆ. ಇವಳು ಜಪ್ಪಯ್ಯ ಅಂದರೂ ಮುಚ್ಚಿಲ್ಲ.

ನನಗೆ ಎಲ್ಲಿತ್ತೋ ಸಿಟ್ಟು. "ಇದಕ್ಕೆ ಟೆಸ್ಟಿಂಗ್ ಅಂತಾರೇನೇ?" ಅಂದವಳೇ ಮುಚ್ಚಳ ಫಟ್ಟಂತ ಹಾಕಿದೆ.

ಮತ್ತೆ ಹಾಕಿ ಓಡಿಸಿದರೆ ಮೇಲಿಂದ ಕೆಳಗಿನವರೆಗೆ ಕೆಂಪು. ಹುಡುಗಿಯ ಕಣ್ಣೂ ಕೆಂಪು. ಸುದ್ದಿ ಮ್ಯಾನೇಜರಿಗೆ ಹೋಯಿತು. ಸಂಜೆ ಎಲ್ಲರಿಗೂ ಅವರಿಂದ ಮೇಲ್ ಬಂತು: ಇಷ್ಟು ವರ್ಷ ಚೆನ್ನಾಗಿ ಓಡುತ್ತಿದ್ದ ಸಾಫ್ಟ್‌ವೇರಿನಲ್ಲಿ ಇವತ್ತು ಹೊಸ ತೊಂದರೆಗಳು ಹುಟ್ಟಿಕೊಂಡಿವೆ, ಹುಟ್ಟಿಸಿದವರು ಖಾರಘರದ ಮೇಡಂ.

ಮ್ಯಾನೇಜರ್ ಕೈ ಹಾಕಿದರು

ಈ ಮ್ಯಾನೇಜರ್ ಡೊಂಬಿವಲಿಯವರು, ಮರಾಠಿಗರು. ಮನುಷ್ಯ ಕೆಟ್ಟವರಲ್ಲ. ಆದರೆ ಯಾವುದಕ್ಕೂ ಕೈ ಹಾಕಲು ಬಿಡುವವರಲ್ಲ. "ಚಾಲ್ತಂಯ್ ನಾ? ಮಗ ಕಶಾಲಾ?" ನಡೀತಿದೆ ತಾನೇ, ಮತ್ಯಾಕೆ? ಇದೇ ಅವರ ಮಂತ್ರ.

ನಾನು ಕೂರಿಸಿಕೊಂಡು ಹೇಳಿದೆ. "ಸರ್, ಈ ವೇರಿಯಬಲ್ಲುಗಳನ್ನ ಶುರುವಿನಲ್ಲಿ ಒಂದೇ ಸಲ ಓದೋಣ. ಆಮೇಲೆ ಯಾರೂ ಅದನ್ನ ಮುಟ್ಟೋದು ಬೇಡ. ಜೈನ್ ಬೇಕೋ ಬೇಡವೋ ಅನ್ನೋದು ಆಯಾ ಆರ್ಡರಿನ ಕೈಯಲ್ಲೇ ಇರಲಿ. ಯಾರಿಗೆ ಏನು ಬೇಕೋ ಅವರ ಕೈಗೇ ಕೊಡೋಣ."

"ಬಹಳ ಕಡೆ ಬದಲಾಯಿಸಬೇಕಾಗುತ್ತೆ" ಅಂದರು.

"ಬಹಳ ಕಡೆ ತಪ್ಪಿದೆ, ಅದಕ್ಕೇ" ಅಂದೆ.

ಅವರ ಮುಖ ಸಣ್ಣಗಾಯಿತು. ಎಷ್ಟೋ ವರ್ಷದಿಂದ ಕೋಡ್ ಮುಟ್ಟದ ಆಸಾಮಿ ತೋಳು ಮಡಚಿಕೊಂಡು ತಾವೇ ಕೂತರು. ಒಂದೇ ಸಾಲು ಬರೆದರು: ಯಾವುದೇ ಚೀಟಿ ಪ್ರಿಂಟಾದ ಕೂಡಲೇ ಇಂಡಿಕೇಟರಿನ ಮೇಲಿರುವ ಜೈನ್ ಅಳಿಸಿಬಿಡು. "ಝಾಲಂ!" ಆಯ್ತು ಅಂತ ಕೈ ಕೊಡವಿಕೊಂಡು ಎದ್ದರು. ಬೇಡ ಸರ್, ಎರಡು ಮೇಜು ಒಟ್ಟಿಗೆ ಆರ್ಡರ್ ಕೊಟ್ಟರೆ ಏನು ಗತಿ ಅಂತ ಬಡಕೊಂಡೆ. ಕೇಳುವವರಾರು?

ಶನಿವಾರ ಹೋಟೆಲಿನಲ್ಲಿ ಜನವೋ ಜನ. ಅದೇ ಡಾಕ್ಟರು ಬಂದು ಜೈನ್ ಉತ್ತಪ್ಪ ಹೇಳಿದರು. ಇಂಡಿಕೇಟರಿನ ಮೇಲೆ ಜೈನ್ ಅಂತ ಬಿತ್ತು. ಅವರ ಚೀಟಿ ಹೊರಗೆ ಬರುವುದರೊಳಗೆ ಪಕ್ಕದ ಮೇಜಿನವರ ಚೀಟಿ ಪ್ರಿಂಟಾಯಿತು, ಪ್ರಿಂಟಾದ ಕೂಡಲೇ ಜೈನ್ ಅಳಿಸಿಹೋಯಿತು. ಡಾಕ್ಟರ ಉತ್ತಪ್ಪಕ್ಕೆ ಈರುಳ್ಳಿ ಬಿತ್ತು! ಮೊದಲು ಎಲ್ಲರಿಗೂ ಬಾಳೆಕಾಯಿ ಆಗುತ್ತಿತ್ತು, ಹೋಗಲಿ, ಯಾರ ಮನಸ್ಸಿಗೂ ನೋವಾಗುತ್ತಿರಲಿಲ್ಲ. ಈಗ ನೋಡಿ.

"ಬೈದಿದ್ರೆ ಒಳ್ಳೇದಿತ್ತು ಮೇಡಂ. ಬೈಲಿಲ್ಲ" ಅಂದರು ಧಣಿ ಫೋನಿನಲ್ಲಿ. "ಆ ತುಂಡನ್ನ ತಟ್ಟೆಯ ಬದಿಗೆ ಇಟ್ಟು ಒಮ್ಮೆ ಭಟ್ರನ್ನ ನೋಡಿದ್ರು, ಒಮ್ಮೆ ನನ್ನನ್ನ ನೋಡಿದ್ರು, ಎದ್ದು ಹೋದ್ರು."

ಸೋಮವಾರ ಧಣಿ ಮಗಳನ್ನು ಕರೆದುಕೊಂಡು ನೇರ ನಮ್ಮ ಆಫೀಸಿಗೇ ಬಂದರು. ಹುಡುಗಿ ರಾತ್ರಿಯೆಲ್ಲ ಅತ್ತಿದ್ದಳು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವಳು ಮರಾಠಿಯಲ್ಲಿ ಮ್ಯಾನೇಜರನ್ನು ಕೇಳಿದಳು: "ಕಾಕಾ, ಊಟದ ದಿನ ಅಜ್ಜಿಗೆ ಹೀಗೇ ಆದರೆ ನಾನೇನು ಮಾಡಲಿ?"

ಮ್ಯಾನೇಜರ್ ಬಹಳ ಪ್ರೀತಿಯಿಂದಲೇ ಉತ್ತರ ಕೊಟ್ಟರು. ಅಜ್ಜಿ ಆರ್ಡರ್ ಕೊಡುವಾಗ ಬೇರೆ ಯಾರೂ ಕೊಡದಿದ್ದರೆ ಏನೂ ಆಗುವುದಿಲ್ಲವಂತೆ.

ಧಣಿ ನನ್ನ ಕಡೆ ತಿರುಗಿದರು. "ಮೇಡಂ, ಇವ್ರಿಗೆ ಹೇಳಿ. ಕುಂದಾಪುರದಿಂದ ಬಸ್ಸಿನಲ್ಲಿ ಬರುವ ನನ್ನ ಅಣ್ಣ, ಅಜ್ಜಿ ಕೈ ತೊಳೆಯುವ ತನಕ ಹಸ್ಕೊಂಡು ಕೂರುದಾ?"

ಸರಿಯಾಯಿತು

ಅವತ್ತೇ ನನಗೆ ಅಪ್ಪಣೆ ಸಿಕ್ಕಿತು. ದೀಪಾವಳಿಗೆ ಮೈಸೂರಿಗೆ ಹೋಗುವುದನ್ನು ಬಿಟ್ಟು ಕೂತೆ. ಇಂಡಿಕೇಟರಿನ ಮೇಲೆ ಬರೆಯುವ ಸಾಲುಗಳನ್ನೆಲ್ಲ ಹುಡುಕಿ ಹುಡುಕಿ ಕಿತ್ತೆಸೆದೆ. ಹೊರಗಿನ ಸೂಚನೆಗಳನ್ನು ಶುರುವಿನಲ್ಲಿ ಒಂದೇ ಸಲ ಓದಿಕೊಳ್ಳುವ ಹಾಗೆ ಮಾಡಿದೆ. ಜೈನ್ ಅನ್ನುವುದು ಆಯಾ ಆರ್ಡರಿನ ಜೊತೆಗೇ ಹುಟ್ಟಿ, ಚೀಟಿಯವರೆಗೆ ಅದರ ಜೊತೆಗೇ ಹೋಗಿ, ಅದರ ಜೊತೆಗೇ ಮುಗಿಯುವ ಹಾಗೆ ಮಾಡಿದೆ. ಟೆಸ್ಟುಗಳು ಯಾರ ಮಷೀನಿನಲ್ಲಿ ಓಡಿಸಿದರೂ, ಹಿಂದೆ ಮುಂದೆ ಮಾಡಿ ಓಡಿಸಿದರೂ ಪಾಸು. ಕಲ್ಯಾಣದ ಹುಡುಗಿ ಮೊದಲ ಸಲ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿನಲ್ಲಿಟ್ಟುಕೊಂಡು ಬಂದಳು. ನನ್ನ ಹತ್ತಿರ ಬಂದು, ಹುಟ್ಟಿದಂದಿನಿಂದ ಆಡದ ಕನ್ನಡದಲ್ಲಿ, "ಥ್ಯಾಂಕ್ಸ್‌ರೀ ಅಕ್ಕಾ. ಇವತ್ತ್ ಟ್ರೇನಿನ್ಯಾಗ ನಿದ್ದಿ ಬಂತು" ಅಂದಳು.

ಮ್ಯಾನೇಜರ್ ಮಾತ್ರ, ಇಷ್ಟೆಲ್ಲ ಬೇಕಿತ್ತಾ ಅಂದರು.

ಊಟದ ದಿನ

ಧಣಿ ನಮ್ಮನ್ನೂ ಊಟಕ್ಕೆ ಕರೆದಿದ್ದರು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ, ಆದರೆ ಕೂತಿದ್ದು ಅಡುಗೆಮನೆಯ ಬಾಗಿಲಲ್ಲಿ, ಪ್ರಿಂಟರ್ ಕಾಣುವ ಹಾಗೆ. ಒಂದು ಕಡೆ ಠಾಣೆಯವರು, ನಡುವೆ ಬಿಳಿ ಸೀರೆಯ ಪುಟ್ಟ ಅಜ್ಜಿ. ಅವರನ್ನು ಎಲ್ಲರೂ ಗುಜರಾತಿಯಲ್ಲಿ ಬಾ, ಅಂದರೆ ಅಮ್ಮ, ಅಂತ ಕರೆಯುತ್ತಿದ್ದರು. ಎದುರುಗಡೆ ಊರಿನವರು, ನಡುವೆ ಧಣಿಯ ಅಣ್ಣ, ದೊಡ್ಡ ಗಂಟಲಿನ ಮನುಷ್ಯ. ಕೂತವರೇ "ಮೊದ್ಲು ನೀರುಳ್ಳಿ ಬಜೆ ತನ್ನಿ!" ಅಂತ ಈರುಳ್ಳಿ ಬಜ್ಜಿಗೆ ಆರ್ಡರ್ ಕೊಟ್ಟರು. ಅದೇ ಹೊತ್ತಿಗೆ ಎದುರಿನ ಮೇಜಿನಲ್ಲಿ ಬಾ ಜೈನ್ ದೋಸೆ ಹೇಳಿದರು. ನಾನು ಪ್ರಿಂಟರಿನ ಮೇಲೇ ಕಣ್ಣು ನೆಟ್ಟೆ.

ಚೀಟಿ ಬಂತು. ಬಜೆಗೆ ಜೈನ್ ಇಲ್ಲ. ಇನ್ನೊಂದು ಚೀಟಿ ಬಂತು. ದೋಸೆಗೆ ಜೈನ್ ಇದೆ. ಅವರ ಮೇಜಿನದೆಲ್ಲ ಜೈನ್, ನಮ್ಮ ಮೇಜಿನದು ಯಾವುದೂ ಅಲ್ಲ. ಒಂದಾದರೂ ತಪ್ಪಬೇಕಲ್ಲ? ಇಲ್ಲ! ನನಗೆ ಕಣ್ಣಲ್ಲಿ ನೀರು ಬಂತು, ನಿಜವಾಗಲೂ.

ಅಷ್ಟರಲ್ಲಿ ಧಣಿಯ ಅಣ್ಣನ ಗಂಟಲು ಕೇಳಿಸಿತು. "ಇದೆಂತದ್ದು ಇದು? ಬಜೆ ಉಂಟು, ನೀರುಳ್ಳಿ ಎಲ್ಲಿ?"

ಹೋಗಿ ನೋಡುತ್ತೇನೆ, ತಟ್ಟೆಯಲ್ಲಿರುವುದು ಎಲೆಕೋಸಿನ ಬಜೆ. ಊರಿನವರ ಮಸಾಲೆ ದೋಸೆ ಬಿಚ್ಚಿ ನೋಡಿದರೆ ಬಾಳೆಕಾಯಿ. ನಮ್ಮ ಮೇಜಿನ ಉದ್ದಕ್ಕೂ ಬಾಳೆಕಾಯಿ! ಅಡುಗೆಮನೆಗೆ ನುಗ್ಗಿದೆ. ಭಟ್ಟರು ಕೈಕಟ್ಟಿ ನಿಂತಿದ್ದರು.

"ಭಟ್ರೇ, ಚೀಟಿ ಸರಿಯಾಗೇ ಬಂತಲ್ಲ?"

"ಚೀಟಿ ಸರಿ ಉಂಟು ಮೇಡಂ. ಆದ್ರೆ ನಿಮ್ಮ ಚೀಟಿ ನಂಬಿ ನಾನು ಒಮ್ಮೆ ಆ ಡಾಕ್ಟ್ರ ಮುಖ ನೋಡಿ ಆಯ್ತು. ಇನ್ನು ಸಾಧ್ಯ ಇಲ್ಲ. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಎಲ್ಲ ಗೋಣಿಗೆ ತುಂಬಿಸಿ ಬೆಳಿಗ್ಗೆಯೇ ಧಣಿಯ ಕಾರಿನ ಡಿಕ್ಕಿಗೆ ಹಾಕ್ಸಿದ್ದೇನೆ. ಕೀ ನನ್ನ ಸೊಂಟದಲ್ಲಿ ಉಂಟು. ಇವತ್ತು ಚೀಟಿಯಲ್ಲಿ ಎಂತ ಬೇಕಾದ್ರೂ ಬರ್ಲಿ, ಎಲ್ಲರಿಗೂ ಜೈನ್."

ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕಿದೆ. ಹಬ್ಬ ಬಿಟ್ಟು ಕೂತು ಕೋಡಿನಿಂದ ಯಾವುದನ್ನು ಕಿತ್ತೆಸೆದಿದ್ದೆನೋ ಅದನ್ನು ಈ ಮಹಾನುಭಾವರು ಅಡುಗೆಮನೆಯಲ್ಲಿ ಸ್ಥಾಪನೆ ಮಾಡಿದ್ದರು!

ಹೊರಗೆ ಬಂದರೆ ಅಣ್ಣ ಎದ್ದೇ ನಿಂತಿದ್ದರು. ಧಣಿ ಬೆವರುತ್ತಿದ್ದರು. ಮಗಳು ತಲೆ ತಗ್ಗಿಸಿದ್ದಳು. ಬಾ ಅವಳನ್ನು ಕೇಳಿದರು, ಅವರೇನು ಹೇಳುತ್ತಿದ್ದಾರೆ ಅಂತ. ಪಾಪ, ಹುಡುಗಿಗೆ ಸುಳ್ಳು ಬರುವುದಿಲ್ಲ. "ಈರುಳ್ಳಿ ಎಲ್ಲಿ ಅಂತ ಕೇಳ್ತಿದ್ದಾರೆ" ಅಂತ ಹಿಂದಿಯಲ್ಲಿ ಹೇಳಿಬಿಟ್ಟಳು.

ಹೋಯ್ತು, ಎಲ್ಲ ಮುಗೀತು ಅಂದುಕೊಂಡೆ.

ಬಾ ಕನ್ನಡಕ ಸರಿಮಾಡಿಕೊಂಡು ನಮ್ಮ ಕಡೆಯ ತಟ್ಟೆಗಳನ್ನು ಒಂದೊಂದಾಗಿ ನೋಡಿದರು. ಬಾಳೆಕಾಯಿ, ಬಾಳೆಕಾಯಿ, ಎಲೆಕೋಸು, ಬಾಳೆಕಾಯಿ. "ನನ್ನೊಬ್ಬಳಿಗೋಸ್ಕರ ಇವರು ಇಡೀ ಮನೆಯವರೇ ಈರುಳ್ಳಿ ಬಿಟ್ಟುಬಿಟ್ಟರಾ? ನನ್ನ ಸ್ವಂತ ಮೊಮ್ಮಕ್ಕಳೇ ಹೊರಗೆ ತಿನ್ನಲು ಹೋದರೆ ಈರುಳ್ಳಿ ಬಿಡುವುದಿಲ್ಲ!" ಅಂದರು. ಮೊಮ್ಮಕ್ಕಳು ಸಾಲಾಗಿ ಸೂರು ನೋಡಿದರು. ಬಾ ಧಣಿಯ ಮಗಳನ್ನು ಹತ್ತಿರ ಎಳೆದು ಕೂರಿಸಿಕೊಂಡು, ತಮ್ಮ ತಟ್ಟೆಯ ಜಿಲೇಬಿ ಮುರಿದು ಅವಳ ಬಾಯಿಗಿಟ್ಟರು. ಮದುವೆ ಅಲ್ಲೇ ನಿಶ್ಚಯವಾಯಿತು. ಧಣಿ ಕೈಮುಗಿದುಕೊಂಡು ಅಳುತ್ತಿದ್ದರು. ಧಣಿಯ ಅಣ್ಣ ಮೆಲ್ಲಗೆ ಕೂತು, ಬಜೆ ಬಾಯಿಗೆ ಹಾಕಿಕೊಂಡು, "ಹೌದೌದು, ನಮಗೆ ನೀರುಳ್ಳಿ ಕಂಡ್ರೇ ಆಗುದಿಲ್ಲ" ಅಂದರು.

ನನಗೂ ಸಂತೋಷವಾಗಲಿಲ್ಲ ಅಂತಲ್ಲ. ಆದರೆ ಹುಡುಗಿಯ ಮದುವೆ ಕೂಡಿಸಿದ್ದು ನನ್ನ ಕೋಡ್ ಅಲ್ಲ, ನಾನು ಬದುಕಿರುವವರೆಗೂ ವಿರೋಧಿಸುವಂಥ ತಪ್ಪು ಪದ್ಧತಿ! ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಮರುದಿನ ಧಣಿ ಆಫೀಸಿಗೆ ಫೋನ್ ಮಾಡಿದರು. ಮ್ಯಾನೇಜರ್ ಎದುರಿಗೇ ಇದ್ದರು, ಸ್ಪೀಕರಿಗೆ ಹಾಕಿದೆ.

"ಮೇಡಂ, ನಿಮ್ಮ ಉಪಕಾರ ಮರೆಯುದಿಲ್ಲ. ಈಗ ಒಂದು ಸಣ್ಣ ಕೆಲ್ಸ. ಇನ್ನು ಬೀಗರು ಆಗಾಗ ಬರ್ತಾರೆ. ಅವ್ರು ಬಾಗಿಲಿಗೆ ಬಂದ ಕೂಡ್ಲೇ ಒಂದು ಗುಂಡಿ ಒತ್ತಿದ್ರೆ ಇಡೀ ಹೋಟೆಲಿಗೆ ಎಲ್ಲ ಚೀಟಿಯೂ ಜೈನ್ ಆಗ್ಬೇಕು. ಅಂಥದ್ದು ಒಂದು ಮಾಡಿ ಕೊಡ್ತೀರಾ?"

ಏನಂತೆ ಅಂತ ಮ್ಯಾನೇಜರ್ ಕೇಳಿದರು, ಹಿಂದಿಯಲ್ಲಿ ಹೇಳಿದೆ. ಮ್ಯಾನೇಜರ್ ಹಿಗ್ಗಿ ಹೀರೇಕಾಯಿಯಾಗಿ, ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಆಗುತ್ತೆ ಅನ್ನಿ ಮೇಡಂ, ರೆಡಿ ಇದೆ. ಹಳೇ ಕೋಡ್ ನಾನು ಅಳಿಸಿಲ್ಲ."